ಬೀಗದ ಕೈ

"ಇವಳ ಮೇಲೆ ನಂಗಿನ್ನೂ ಪ್ರೀತಿ ಇದೆ, ರಬ್ಬಿಗಳೇ. ಸಂಸಾರ ಉಳಿಸಿಕೊಡಿ," ಎಂದು ಶಿಮ್ಶೋನ್ ಕಣ್ಣೊರೆಸಿಕೊಂಡಾಗ ಓಸ್ನಾತ್‌ಗೆ ಮೈಯೆಲ್ಲ ಉರಿದುಹೋಯಿತು. ಮನೆ, ಮಕ್ಕಳ ವಿಚಾರಕ್ಕೆ ಅವಳು ಸರ್ಕಾರಿ ಕೋರ್ಟಿಗೆ ಹೋಗಿದ್ದಳು. ವಿಚ್ಛೇದನಕ್ಕೆ ಮಾತ್ರ ರಬ್ಬಿಗಳೇ ನ್ಯಾಯಾಧೀಶರಾಗಿರುವ ಬೀರ್‌ಶೆಬಾದ ಈ ಯಹೂದಿ ಧರ್ಮ ನ್ಯಾಯಾಲಯವೇ ಗತಿ. ಗಂಡನಾದವನು ಒಪ್ಪಿ, ಬಿಡುಗಡೆ ಪತ್ರವನ್ನು ಅಂಗೈಗೆ ಹಾಕುವವರೆಗೂ ಅವಳು ಅವನ ಹೆಂಡತಿಯೇ.

"ಇಷ್ಟು ಬೇಡ್ಕೋತಿದಾನಲ್ಲಮ್ಮ, ಒಂದ್ಸಲ ಮನೆಗೆ ಹೋಗಿ ನೋಡಬಾರ್ದಾ?" ಎಂದರು ಹಿರಿಯ ರಬ್ಬಿ.

"ಹೋಗ್ತೀನಿ."

ಅವಳ ವಕೀಲೆ ಬೆಚ್ಚಿಬಿದ್ದಳು. ಓಸ್ನಾತ್ ಎದ್ದು ಗಂಡನ ಮುಂದೆ ಅಂಗೈ ಚಾಚಿದಳು. "ಬೀಗದ ಕೈ ಕೊಡು. ಪೆಸಾಖ್ ಹಬ್ಬಕ್ಕೆ ನಾನು ತವರಿಗೆ ಹೋಗಿ ಬರೋಷ್ಟ್ರಲ್ಲಿ ಬೀಗ ಬದಲಾಯಿಸಿದ್ಯಲ್ಲ, ಆ ಹೊಸಾದು. ಇವತ್ತೇ ಬರ್ತೀನಿ."

ಶಿಮ್ಶೋನನ ಕೈ ಜೇಬಿಗಿಳಿಯಿತು. ಗೊಂಚಲು ಝಣ್ ಎಂದದ್ದು ಎಲ್ಲರಿಗೂ ಕೇಳಿಸಿತು. ಕೈ ಮಾತ್ರ ಮೇಲೆ ಬರಲಿಲ್ಲ.

"ಇವತ್ತು ಬೇಡ. ಮನೇಲಿ ಜನ ಇದಾರೆ."

"ಜನ ಅಲ್ಲ, ಒಬ್ಬಳು."

"ಕೊಡಪ್ಪ," ಎಂದರು ರಬ್ಬಿ, ಈಗ ದನಿ ಗಡುಸಾಗಿತ್ತು. "ಹೆಂಡ್ತಿ ಬರ್ತೀನಿ ಅಂತಿದಾಳೆ."

ಅವನು ತಲೆ ತಗ್ಗಿಸಿದ. ಓಸ್ನಾತ್ ಚಾಚಿದ ಅಂಗೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಹಾಗಾದ್ರೆ ಬಿಡುಗಡೆ ಪತ್ರ ಹಾಕು. ಇದೇ ಕೈಗೆ."