ಕುದಿಯುತ್ತಲೇ ಇರುವ ಕತ್ತರಿ

ಚೊಚ್ಚಲ ಹೆರಿಗೆ ಎಂದರೆ ಮಗು ಬರುವ ದಾರಿಗೆ ಒಂದಿಷ್ಟು ಕತ್ತರಿ ಹಾಕಲೇಬೇಕು, ಆಮೇಲೆ ಹೊಲಿಗೆ. ಕಾಲೇಜಿನಲ್ಲಿ ಕಲಿತ ಈ ಮಾತನ್ನು ಹೊಸ ಡಾಕ್ಟರು ವೇದವಾಕ್ಯವೆಂದೇ ನಂಬಿದ್ದರು. ಆದರೆ ಈ ತಾಲ್ಲೂಕು ಆಸ್ಪತ್ರೆಗೆ ಬಂದು ನಾಲ್ಕು ತಿಂಗಳಾದರೂ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಅವರ ಕೈಗೆ ಕತ್ತರಿ ಸಿಕ್ಕಿರಲಿಲ್ಲ.

“ಸಿಸ್ಟರ್, ಕತ್ತರಿ!”

“ಕುದೀತಾ ಇದೆ ಸಾರ್, ಐದೇ ನಿಮಿಷ,” ಎನ್ನುತ್ತಿದ್ದರು ದಾಕ್ಷಾಯಣಿ ಸಿಸ್ಟರ್. ಆಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮಗು ಬರುವಲ್ಲಿ ಒತ್ತಿ ಹಿಡಿದು, “ಈಗ ಮುಕ್ಕಬೇಡ ಕಣವ್ವ, ಉಫ್ ಉಫ್ ಅಂತ ಊದು,” ಎಂದು ಬಾಣಂತಿಯಾಗುವವಳನ್ನು ರಮಿಸುತ್ತಿದ್ದರು. ಕತ್ತರಿ ಬರುವ ಮೊದಲೇ ಮಗು ಬಂದುಬಿಡುತ್ತಿತ್ತು. ಹೊಲಿಗೆಗೆ ಹೆಚ್ಚಿನ ಸಲ ಕೆಲಸವೇ ಇರುತ್ತಿರಲಿಲ್ಲ.

“ಎಂಥಾ ದರಿದ್ರ ಒಲೆ ರೀ ಇದು!” ಎಂದು ರೇಗಿದ ಡಾಕ್ಟರು ಕತ್ತರಿ ಕುದಿಸಲು ಹೊಸ ಸ್ಟೆರಿಲೈಸರ್ ಬೇಕೆಂದು ಮೇಲಿನವರಿಗೆ ಮೂರು ಪತ್ರ ಬರೆದಿದ್ದರು.

ಇವತ್ತಿನ ಹುಡುಗಿಗೂ ಚೊಚ್ಚಲು. ಮಗುವಿನ ತಲೆ ಕಾಣಿಸುತ್ತಿತ್ತು. ಎಲ್ಲ ಸಲೀಸು ಎನ್ನುವಾಗ ಅದರ ಎದೆಬಡಿತ ಇದ್ದಕ್ಕಿದ್ದಂತೆ ಇಳಿಯತೊಡಗಿತು. ನೂರು, ಎಂಬತ್ತು, ಅರವತ್ತು. ಡಾಕ್ಟರ ಬೆನ್ನಲ್ಲಿ ಬೆವರು ಕಿತ್ತುಬಂತು. ಕತ್ತರಿ ಹಾಕಿ ಮಗುವನ್ನು ತಕ್ಷಣ ಹೊರತೆಗೆಯಬೇಕು; ಈಗ ಐದು ನಿಮಿಷ ಎಲ್ಲಿಂದ ತರುವುದು?

“ಸಿಸ್ಟರ್...” ಎಂದು ಬಾಯಿ ತೆರೆಯುವಷ್ಟರಲ್ಲಿ ಮರಗಟ್ಟಿಸುವ ಇಂಜೆಕ್ಷನ್ನೂ ಕತ್ತರಿಯೂ ಅವರ ಕೈಗೆ ಬಂದಿದ್ದವು. ಮರುಗಳಿಗೆಯಲ್ಲೇ ಮಗು ಹೊರಬಂದು ಕಿಟಾರನೆ ಚೀರಿತು.

ಡಾಕ್ಟರು ಉಸಿರು ಬಿಟ್ಟು, “ಇವತ್ತು ಇಷ್ಟು ಬೇಗ ಹೇಗ್ರೀ ಕುದೀತು?” ಎಂದರು.

ಸಿಸ್ಟರ್ ಮಗುವನ್ನು ಒರೆಸುತ್ತಾ ಹೇಳಿದರು: “ದಿನಾ ಬೆಳಗ್ಗೆ ಏಳಕ್ಕೇ ಕುದಿಸಿಟ್ಟಿರ್ತೀನಿ ಸಾರ್.”