ಬ್ಯಾಗಿನ ತಳಕ್ಕೆ ಕೌದಿ ಹೊಲಿದ ನೀಲವ್ವ

ಕೈಯಲ್ಲಿರುವ ಕೆಲಸವನ್ನು ಎರಡು ನಿಮಿಷ ಪಕ್ಕಕ್ಕಿಟ್ಟು ಓದಿ…

ಧಾರವಾಡದ ಶಶಿಕಲಾ ಮನೆಯಲ್ಲೇ ಬಟ್ಟೆ ಬ್ಯಾಗ್ ಹೊಲಿಯುತ್ತಿದ್ದಳು. ಬಣ್ಣ, ಬಾರ್ಡರು, ಮೇಲೊಂದು ಕಸೂತಿ ಹೂವು… ನೋಡಿದವರು ಕೈಗೆತ್ತಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ.

ಒಮ್ಮೆ ಅಂಧ ಮಕ್ಕಳ ಶಾಲೆಯಿಂದ ಆರ್ಡರ್ ಬಂತು. ಮಕ್ಕಳು ಪುಸ್ತಕ ಒಯ್ಯಲು ಅರವತ್ತು ಬ್ಯಾಗ್… ಮೊದಲು ಹತ್ತು ಕೊಡಿ, ಚೆನ್ನಾಗಿದ್ದರೆ ಉಳಿದದ್ದು ಹೊಲಿಯಿರಿ ಎಂದರು.

ಬ್ಯಾಗ್ ಜೋತು ಬೀಳದಿರಲು ತಳಕ್ಕೆ ಏನಾದರೂ ಗಟ್ಟಿಯಾದದ್ದು ಬೇಕಲ್ಲ… ಸೀರೆ ಅಂಗಡಿಯವರು ಎಸೆದ ಡಬ್ಬಿಗಳ ರಟ್ಟು ಕತ್ತರಿಸಿ ಒಳಗಿಟ್ಟು ಹೊಲಿದಳು. ಮೇಲಿನ ಹೂವಿಗೆ ಮೂರು ದಿನ, ತಳಕ್ಕೆ ಮೂರು ನಿಮಿಷ!

ಹತ್ತು ಬ್ಯಾಗ್ ಕೊಟ್ಟ ಹದಿನೈದು ದಿನಕ್ಕೆ ಶಾಲೆಯ ಗುರುನಾಥ ಮಾಸ್ತರು ಫೋನ್ ಮಾಡಿ ಕರೆಸಿದರು. ಅವರಿಗೂ ಕಣ್ಣು ಕಾಣುವುದಿಲ್ಲ.

ಅವರ ಪಕ್ಕದಲ್ಲಿ ಒಂಬತ್ತು ವರ್ಷದ ಮುಕ್ತಾ ಬ್ರೈಲ್ ಪುಸ್ತಕ ತೆರೆದು ಕೂತಿದ್ದಳು. ಹಾಳೆಯ ಮೇಲೆ ಉಬ್ಬಿದ ಚುಕ್ಕಿಗಳಿರುತ್ತವಲ್ಲ, ಅವುಗಳ ಮೇಲೆ ಬೆರಳಾಡಿಸಿ ಕಥೆ ಓದುತ್ತಿದ್ದಳು. ಅರ್ಧ ಪುಟಕ್ಕೆ ಬೆರಳು ನಿಂತಿತು.

"ಸರ್… ಇಲ್ಲಿಂದ ಮುಂದ ಅಕ್ಷರ ಎಲ್ಲಾ ಮಲಕೊಂಡಾವ್ರಿ."

ಶಶಿಕಲಾಗೆ ಅರ್ಥವಾಗಲಿಲ್ಲ. ಮಾಸ್ತರು ಮೆಲ್ಲಗೆ ಹೇಳಿದರು.

"ಬ್ಯಾಗ್ ತೊಳದ್ವಿ, ರಟ್ಟು ನೆಂದು ಮೆತ್ತಗಾತು. ತಳ ಜೋತು ಬಿದ್ದು, ಪುಸ್ತಕ ಬಾಗಿ ಚುಕ್ಕಿ ಎಲ್ಲಾ ಅಮುಕಿ ಹೋದ್ವು. ಈ ಪುಸ್ತಕ ನಮ್ಮ ಹತ್ರ ಇರೂದು ಒಂದ ನೋಡ್ರಿ."

ಶಶಿಕಲಾಗೆ ಕಪಾಳಕ್ಕೆ ಹೊಡೆದಂತಾಯಿತು.

"ಒಂದು ವಾರ ಟೈಮ್ ಕೊಡ್ರಿ ಸರ್," ಎಂದಷ್ಟೇ ಹೇಳಿ ಮನೆಗೆ ಬಂದಳು. ಈ ಸಲವೂ ಕೆಟ್ಟರೆ ಆರ್ಡರ್ ಹೋಗುವುದಷ್ಟೇ ಅಲ್ಲ, ಇನ್ನೊಂದು ಪುಸ್ತಕದ ಅಕ್ಷರವೂ ಅಳಿಸಿಹೋಗುತ್ತದೆ ಎಂದು ಆಕೆಗೆ ಗೊತ್ತಿತ್ತು.

ಪ್ಲಾಸ್ಟಿಕ್ ಶೀಟ್ ಹಾಕಿದಳು… ಮೂಲೆ ಬಟ್ಟೆಯನ್ನು ಕೊರೆದು ಹೊರಬಂತು. ಮಕ್ಕಳ ಬೆರಳಿಗೆ ತಾಗಿದರೆ ಗತಿಯೇನು?

ತೆಳು ಪ್ಲೈವುಡ್ ಹಾಕಿದಳು… ಪುಸ್ತಕವೇ ಭಾರ, ಅದರ ಮೇಲೆ ಇದೂ ಸೇರಿದರೆ ಮಗುವಿನ ಹೆಗಲು ಬಿದ್ದೇ ಹೋಗುತ್ತದೆ. ಸ್ಪಂಜಂತೂ ಒತ್ತಿದ ಕಡೆ ಕುಸಿಯಿತು.

ಕಿಟಕಿಯ ಹತ್ತಿರ ಕೂತು ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದ ಅತ್ತೆ ನೀಲವ್ವ, ಮೂರು ದಿನ ಇದನ್ನೆಲ್ಲ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಬಾಯಿಬಿಟ್ಟರು.

"ಹತ್ತು ಪದರ ಹಾಕಿ ಒತ್ತೊತ್ತಿ ಹೊಲದ್ರ ಬಟ್ಟೀನ ಹಲಗಿ ಆಗತೈತಿ. ಕೌದಿನ ಹಾಕು ತಳಕ್ಕ."

"ಹೊಸ ಬ್ಯಾಗಿಗೆ ಹಳೇ ಸೀರಿನಾ ಅತ್ತಿ? ನೋಡಿದವರು ನಗತಾರ."

"ಹಳೇದ ಬೇಕು. ಅದು ಕುಗ್ಗೂದೆಲ್ಲಾ ಕುಗ್ಗಿರತೈತಿ, ಬಣ್ಣ ಬಿಡೂದೆಲ್ಲಾ ಬಿಟ್ಟಿರತೈತಿ. ಇನ್ನ ಎಷ್ಟ ತೊಳದ್ರೂ ಹಂಗ ಇರತೈತಿ."

ಶಶಿಕಲಾ ಅರೆಮನಸ್ಸಿನಿಂದಲೇ ಒಪ್ಪಿದಳು. ನೀಲವ್ವ ಎರಡು ದಿನ ಕೂತು, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿದು ಒಂದು ತಳ ಮಾಡಿಕೊಟ್ಟರು. ಅದನ್ನು ಬ್ಯಾಗಿಗೆ ಕೂಡಿಸಿ, ತೊಳೆದು ಒಣಗಿಸಿ, ಒಳಗೆ ರುಬ್ಬುವ ಗುಂಡುಕಲ್ಲನ್ನೇ ಇಟ್ಟು ಎತ್ತಿದರು… ತಳ ಒಂದಿಷ್ಟೂ ಜೋಲಲಿಲ್ಲ.

ಅತ್ತೆ ಸೊಸೆ ಇಬ್ಬರೂ ಶಾಲೆಗೆ ಹೋದರು. ಮಾಸ್ತರು ಎಲ್ಲಕ್ಕಿಂತ ದೊಡ್ಡ ಪುಸ್ತಕವನ್ನು ಬ್ಯಾಗಿನಲ್ಲಿಟ್ಟು ಎತ್ತಿದರು, ಇಳಿಸಿದರು, ತಳ ಸವರಿದರು.

"ಇದು ನಡೀತದ. ಅರವತ್ತಕ್ಕೂ ಇದನ್ನ ಹಾಕ್ರಿ," ಎಂದು ಹೇಳಿ ಮಾಸ್ತರು ಪುಸ್ತಕ ಹೊರತೆಗೆದರು.

ಅಷ್ಟರಲ್ಲಿ ಮುಕ್ತಾ ಖಾಲಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಒಳಗೆ ಕೈ ಹಾಕಿದ್ದಳು. ಆ ಕೈ ಹೊರಗೆ ಬರಲೇ ಇಲ್ಲ… ಬೆರಳು ಮಾತ್ರ ಮೆಲ್ಲಗೆ ಎಡದಿಂದ ಬಲಕ್ಕೆ ಸರಿಯುತ್ತಿತ್ತು.

"ಸರ್… ಇದರಾಗ ಯಾರೋ ಬರದಾರ್ರಿ."

"ಏನು ಬರದಾರವಾ?"

"ಅ… ಅ… ಅ… ಅ… ಈ ತುದಿಯಿಂದ ಆ ತುದಿತನಕಾ ಬರೇ ಅ ಬರದಾರ್ರಿ."

ಮಾಸ್ತರೂ ಕೈ ಹಾಕಿದರು. ಕೌದಿಯ ಒಂದೊಂದು ಹೊಲಿಗೆಯೂ ಸಣ್ಣ ಚುಕ್ಕಿಯಂತೆ ಉಬ್ಬಿ ನಿಂತಿತ್ತು. ಅವರು ಸಾಲಿನುದ್ದಕ್ಕೂ ಇನ್ನೊಮ್ಮೆ ಬೆರಳಾಡಿಸಿದರು.

"ಹೌದಲ್ಲ… ಬ್ರೈಲ್‌ನ್ಯಾಗ ಒಂದ ಚುಕ್ಕಿ ಅಂದ್ರ ಅ. ನಾವೆಲ್ಲಾ ಮೊದಲ ಕಲಿಯೂ ಅಕ್ಷರ. ಇದನ್ನ ಬರದವರು ಯಾರ್ರೀ?"

ನೀಲವ್ವ ನಾಚಿಕೊಂಡು ಸೆರಗು ಎಳೆದುಕೊಂಡರು.

"ಹೊಲದಾಕಿ ನಾನ್ರಿ. ಆದ್ರ ನಾ ಸಾಲಿ ಮುಖಾ ನೋಡಿದಾಕಿ ಅಲ್ಲ. ನನಗ ಒಂದ ಅಕ್ಷರಾನೂ ಬರಿಯಾಕ ಬರಂಗಿಲ್ಲ."

ಮುಕ್ತಾ ತಡಕಾಡಿ ಅವರ ಕೈ ಹುಡುಕಿದಳು. ಸೂಜಿ ಚುಚ್ಚಿ ಒರಟಾಗಿದ್ದ ಆ ಬೆರಳನ್ನು ಹಿಡಿದು, ಅವರೇ ಹಾಕಿದ ಹೊಲಿಗೆಯ ಮೇಲೆ ಇಟ್ಟಳು.

"ಬರತೈತಿ ಅಜ್ಜಿ. ಇದು ಅ… ಇದೂ ಅ… ಒಂದೂ ತಪ್ಪಿಲ್ಲ ನೋಡ್ರಿ."

ಎಪ್ಪತ್ತು ವರ್ಷದ ನೀಲವ್ವ, ಕಣ್ಣು ಮುಚ್ಚಿಕೊಂಡು, ಆ ಮಗುವಿನ ಹಿಂದೆ ಹಿಂದೆ ಹೇಳತೊಡಗಿದರು… "ಅ… ಅ… ಅ…"

ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ. ಶಶಿಕಲಾ ಬೆರಗಾಗಿ ಅತ್ತೆಯನ್ನೇ ನೋಡುತ್ತ ನಿಂತಳು.

ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮನಸ್ಸಿಟ್ಟು ಮಾಡಿದ ಕೆಲಸವೇ ನಮ್ಮ ನಿಜವಾದ ಕೈಬರಹ.

ನೀವು ಇವತ್ತು ಮಾಡಿದ ಕೆಲಸದ ಒಳಗೆ ಒಂದು ಮಗು ಕೈ ಹಾಕಿ ಸವರಿದರೆ… ಅದರ ಬೆರಳಿಗೆ ಏನು ಸಿಕ್ಕೀತು?