ಮೂರೂ ವರ್ಮೆಂಟಿನೊ

ಈ ವೈನ್ ಪರೀಕ್ಷೆ ಪಾಸಾದರೆ ಹೋಟೆಲಿನಲ್ಲಿ ದೇಚಮ್ಮನ ಕೆಲಸ ಕಾಯಂ. ಮುಂದೆ ಮೂರು ಲೋಟ ಬಿಳಿ ವೈನ್ ಇತ್ತು. ಇಟಲಿಯ ಮೂರು ಬೇರೆ ಬೇರೆ ದ್ರಾಕ್ಷಿಯವು ಎಂದಿದ್ದರು ಪರೀಕ್ಷಕರು. ಬಾಟಲಿ ನೋಡದೆ ರುಚಿಯಿಂದಲೇ ತಳಿ ಹೇಳಬೇಕು. ಅವಳು ಮತ್ತೆ ಮತ್ತೆ ಗುಟುಕರಿಸಿ ನೋಡಿದಳು.

“ಮೂರೂ ವರ್ಮೆಂಟಿನೊ ದ್ರಾಕ್ಷಿನೇ, ಸರ್.”

ಪರೀಕ್ಷಕರು ಕೆಂಡವಾದರು. “ಮೂರು ಬಾಟ್ಲಿ ನಾನೇ ಆರಿಸಿ ತರಿಸಿದ್ದು. ನಾಲಿಗೆ ಸತ್ತಿದ್ಯೇನಮ್ಮ ನಿಂಗೆ? ಫೇಲು, ನಡಿ.”

ಹಿಂದೆ ಯಾರೋ ನಕ್ಕರು. ದೇಚಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

“ಫೇಲ್ ಮಾಡಿ ಸರ್. ಆದ್ರೆ ಇಲ್ಲದ ಹೆಸರು ನನ್ನ ಬಾಯಲ್ಲಿ ಹೇಳಿಸ್ಬೇಡಿ. ಸುರಿದವರನ್ನೇ ಕರೆದು ಕೇಳಿ.”

“ಕರೀರಿ ಅವನನ್ನ,” ಎಂದು ಪರೀಕ್ಷಕರು ಮೇಜು ಗುದ್ದಿದರು.

ವೈನ್ ಸುರಿದಿದ್ದ ಸಿರಿಲ್ ಬಂದು ತಲೆ ತಗ್ಗಿಸಿ ನಿಂತ.

“ಒಂದೇ ಬಾಟ್ಲಿ ಇತ್ತು ಸರ್. ಉಳಿದೆರಡನ್ನ ನಿನ್ನೆ ನೀವೇ ಮನೆಗೆ ತಗೊಂಡು ಹೋದ್ರಲ್ಲ.”